ಬನ, ಹಾವು ಮತ್ತು ಬಾಯಿಮಾತಿನ ಅಭಿಪ್ರಾಯಗಳು

ವಿಜ್ಞಾನ, ತಂತ್ರಜ್ಞಾನ, ಧರ್ಮ, ಸಮಾಜ ಎಂಬ ನಾಲ್ಕು ವಿಷಯಗಳ ಬಗ್ಗೆ ಅಭಿಪ್ರಾಯವಿಲ್ಲದವರು ವಿರಳ. ಬಸ್ಸಿಗೆ ಕಾಯುವಾಗ, ಮದುವೆಯೂಟದ ಪಂಕ್ತಿಯಲ್ಲಿ, ಹೋಟೆಲಿನ ಬೆಂಚಿನಲ್ಲಿ ಸಲೀಸಾಗಿ ಹೊರಡುವ ಈ ಅಭಿಪ್ರಾಯಗಳಿಗೆ ಆಧಾರ ಕೇಳುವ ರೂಢಿ ಇಲ್ಲದಿದ್ದರೂ, ಊರಿನ ಮರ ಉಳಿಯಬೇಕೇ ಉರುಳಬೇಕೇ, ಕಾಯಿಲೆ ಬಿದ್ದವರನ್ನು ಯಾರ ಬಳಿಗೆ ಒಯ್ಯಬೇಕು, ಮಕ್ಕಳಾಗದ ಮನೆಯಲ್ಲಿ ಯಾರು ತಪ್ಪಿತಸ್ಥರೆನಿಸಿಕೊಳ್ಳಬೇಕು ಎಂಬಂಥ ತೀರ್ಮಾನಗಳು ಬಹುಪಾಲು ಅವುಗಳ ಮೇಲೆಯೇ ನಿಂತಿರುತ್ತವೆ. ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ಸೀಮೆಯಲ್ಲಿ ಈ ನಾಲ್ಕೂ ವಿಷಯಗಳು ಒಂದೇ ಜೀವಿಯ ಸುತ್ತ ಹೆಣೆದುಕೊಂಡಿವೆ. ಆ ಜೀವಿ ಹಾವು, ಅದರ ನೆಲೆ ನಾಗಬನ.

ಮಲ್ಪೆಯಿಂದ ತೀರ್ಥಹಳ್ಳಿಯ ಕಡೆಗೆ ಸಾಗುವ 169ಎ ರಾಷ್ಟ್ರೀಯ ಹೆದ್ದಾರಿಯು ಮಣಿಪಾಲದ ಮುರಕಲ್ಲಿನ ಗುಡ್ಡವನ್ನು ದಾಟಿ ಹಿರಿಯಡಕದತ್ತ ಹೊರಡುವ ದಾರಿಯಲ್ಲಿ ಪರ್ಕಳವಿದೆ. ಗುಡ್ಡದ ಮೇಲೆ 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಸ್ಥಾಪಿಸಿದ ಕಸ್ತೂರ್ಬಾ ಮೆಡಿಕಲ್ ಕಾಲೇಜು, ಅದರ ಸುತ್ತ ಬೆಳೆದ ಆಸ್ಪತ್ರೆ ಮತ್ತು ಪ್ರಯೋಗಾಲಯಗಳು. ಕೆಳಗಿನ ಬೈಲು, ಮಜಲು, ಬೆಟ್ಟು ಗದ್ದೆಗಳ ಅಂಚಿನಲ್ಲಿ ತಲೆಮಾರುಗಳಿಂದ ಕೊಡಲಿ ತಾಗದ ಬನಗಳು. ಇವೆರಡರ ನಡುವಿನ ದಾರಿ ಕೆಲವೇ ಕಿಲೋಮೀಟರಿನದು, ಮತ್ತು ಒಂದೇ ಕುಟುಂಬ ಒಂದೇ ವಾರದಲ್ಲಿ ಎರಡೂ ಕಡೆಗೆ ನಡೆದುಕೊಳ್ಳುವುದು ಇಲ್ಲಿ ಯಾರಿಗೂ ವಿಚಿತ್ರವೆನಿಸುವುದಿಲ್ಲ.

ನಾಗಬನವೆಂದರೆ ಕುಟುಂಬಕ್ಕೆ ಅಥವಾ ಊರಿಗೆ ಸೇರಿದ, ನಾಗನ ಕಲ್ಲುಗಳನ್ನು ಪ್ರತಿಷ್ಠಾಪಿಸಿದ ಸಣ್ಣ ಕಾಡಿನ ತುಣುಕು. ಕೆಲವು ಬನಗಳು ನಾಲ್ಕಾರು ಸೆಂಟ್ಸ್ ಜಾಗದಷ್ಟು ಕಿರಿದಾಗಿದ್ದರೆ ಕೆಲವು ಎಕರೆಗಟ್ಟಲೆ ಹರಡಿರುತ್ತವೆ. ಹಾಲೆ, ಕಾಸರಕ, ಧೂಪ, ರೆಂಜೆ, ಬೈನೆ ಮುಂತಾದ ಮರಗಳೂ ಅವುಗಳಿಗೆ ಹಬ್ಬಿದ ಬಳ್ಳಿಗಳೂ ಸೇರಿ, ಹಿಂದೊಮ್ಮೆ ಕರಾವಳಿಯ ಕಾಡು ಹೇಗಿತ್ತೆಂಬುದಕ್ಕೆ ಉಳಿದ ಸಾಕ್ಷಿಯಂತಿವೆ. ತುಳುನಾಡಿನ ಬಹುಪಾಲು ಸಮುದಾಯಗಳ ಕುಟುಂಬಗಳಿಗೆ ಇಂಥದೊಂದು ಮೂಲಸ್ಥಾನವಿರುತ್ತದೆ. ನಾಗರಪಂಚಮಿಯ ದಿನ ಮುಂಬಯಿ, ಬೆಂಗಳೂರು, ಕೊಲ್ಲಿ ದೇಶಗಳಲ್ಲಿ ನೆಲೆಸಿದವರೂ ಸಾಧ್ಯವಾದರೆ ಅಲ್ಲಿಗೆ ಬಂದು ತನು ಎರೆಯಿಸುತ್ತಾರೆ, ಅಂದರೆ ನಾಗನ ಕಲ್ಲಿಗೆ ಹಾಲು, ಎಳನೀರುಗಳ ಅಭಿಷೇಕ ಮಾಡಿಸಿ ಅರಶಿನ, ಹಿಂಗಾರ, ಕೇದಗೆಗಳನ್ನು ಅರ್ಪಿಸುತ್ತಾರೆ. ಉಡುಪಿಯ ನಾಲ್ಕು ದಿಕ್ಕುಗಳಲ್ಲಿ ಮಾಂಗೋಡು, ತಾಂಗೋಡು, ಅರಿತೋಡು, ಮುಚ್ಚಿಲಕೋಡು ಎಂಬ ನಾಗಸನ್ನಿಧಿಗಳಿದ್ದು, ಕಾರ್ಕಳದ ಕಡೆಯ ಜೈನ ಬಸದಿಗಳಲ್ಲಿ ಪಾರ್ಶ್ವನಾಥ ತೀರ್ಥಂಕರನ ತಲೆಯ ಮೇಲೆ ಹೆಡೆಯೆತ್ತಿದ ನಾಗನಿರುವುದನ್ನೂ ನೆನೆದರೆ, ನಾಗನ ಮೇಲಿನ ಭಕ್ತಿ ಈ ನೆಲದಲ್ಲಿ ಒಂದು ಮತಕ್ಕೆ ಸೀಮಿತವಾದುದಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಈ ಬನಗಳ ಬಗ್ಗೆ ಇಂದು ಎರಡು ಅಭಿಪ್ರಾಯಗಳು ಪದೇ ಪದೇ ಕೇಳಿಬರುತ್ತವೆ. ಹಿರಿಯರು ಮಾಡಿಟ್ಟ ಪ್ರತಿಯೊಂದಕ್ಕೂ ವೈಜ್ಞಾನಿಕ ಕಾರಣವಿದೆ, ಅಂತರ್ಜಲ ಕಾಪಾಡಲೆಂದೂ ಆಮ್ಲಜನಕ ಸಿಗಲೆಂದೂ ಅವರು ಬನಕ್ಕೆ ದೇವರ ಹೆಸರಿಟ್ಟರು ಎಂಬುದು ಒಂದು. ಇದೆಲ್ಲ ಮೂಢನಂಬಿಕೆ, ವಿದ್ಯಾವಂತರಿಗೆ ತಕ್ಕುದಲ್ಲ ಎಂಬುದು ಇನ್ನೊಂದು. ಮೊದಲನೆಯದು ವಿಜ್ಞಾನವನ್ನು ಗೌರವಿಸುವಂತೆ ತೋರಿದರೂ, ಒಂದು ಆಚರಣೆಯ ಪರಿಣಾಮವನ್ನೂ ಅದರ ಉದ್ದೇಶವನ್ನೂ ಒಂದೇ ಎಂದು ಭಾವಿಸುತ್ತದೆ. ಬನದಲ್ಲಿ ಬಿದ್ದ ಎಲೆ ಕೊಳೆತು ಮಣ್ಣು ಸಡಿಲಾಗಿ ಮಳೆನೀರು ಇಂಗುವುದು ಪರಿಣಾಮ. ಬನವನ್ನು ಕಡಿಯದೆ ಉಳಿಸಿದವರ ಮನಸ್ಸಿನಲ್ಲಿದ್ದದ್ದು ಭಯ, ಭಕ್ತಿ, ಕುಟುಂಬದ ಕ್ಷೇಮದ ಆಸೆ. ಮಾಧವ ಗಾಡ್ಗೀಳ್ ಮತ್ತು ವಿ.ಡಿ. ವರ್ತಕ್ 1970ರ ದಶಕದಲ್ಲಿ ಪಶ್ಚಿಮ ಘಟ್ಟಗಳ ದೇವರಕಾಡುಗಳ ಬಗ್ಗೆ ಬರೆದ ಅಧ್ಯಯನಗಳು ಅವುಗಳ ಪರಿಸರ ಮಹತ್ವವನ್ನು ಜಗತ್ತಿನ ಗಮನಕ್ಕೆ ತಂದವು. ಆದರೆ ನಂಬಿಕೆ ಉಳಿಸಿದ ಕಾಡು ಅಮೂಲ್ಯವಾದುದು ಎಂದು ತೋರಿಸುವುದಕ್ಕೂ ಆ ನಂಬಿಕೆಯೇ ಪರಿಸರ ವಿಜ್ಞಾನವಾಗಿತ್ತು ಎನ್ನುವುದಕ್ಕೂ ಬಹಳ ಅಂತರವಿದೆ.

ಈ ಅಂತರವನ್ನು ಮರೆಯುವುದು ಕೇವಲ ತರ್ಕದ ದೋಷವಾಗಿ ಉಳಿಯುವುದಿಲ್ಲ. ಬನವಿರುವುದು ಅಂತರ್ಜಲಕ್ಕಾಗಿ ಎಂದು ಒಪ್ಪಿಕೊಂಡರೆ ಕೊಳವೆಬಾವಿ ಬಂದ ದಿನವೇ ಅದರ ಅಗತ್ಯ ಮುಗಿದಂತಾಗುತ್ತದೆ, ಮತ್ತು ಮರಗಳನ್ನು ತೆಗೆದು ಕಲ್ಲುಗಳನ್ನಷ್ಟೇ ಉಳಿಸಿದರೆ ತಪ್ಪೇನು ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ. ಎಲ್ಲವೂ ಮೂಢನಂಬಿಕೆ ಎನ್ನುವವರ ಕಣ್ಣಿಗೂ ಅಲ್ಲಿರುವುದು ಖಾಲಿ ಬಿದ್ದ ಜಾಗವೇ. ಹೀಗೆ ಪರಸ್ಪರ ವಿರುದ್ಧವೆಂದು ತೋರುವ ಎರಡು ಅಭಿಪ್ರಾಯಗಳು ಕೊನೆಗೆ ಒಂದೇ ಜೆಸಿಬಿಗೆ ದಾರಿ ಬಿಟ್ಟುಕೊಡುತ್ತವೆ. ಕರಾವಳಿಯ ಹಲವೆಡೆ ಮರಗಳು ಹೋಗಿ ನಾಗನಿಗೆ ಸಿಮೆಂಟಿನ ಕಟ್ಟೆ, ಸುತ್ತ ಇಂಟರ್‌ಲಾಕ್ ಹಾಸು, ಮೇಲೆ ತಗಡಿನ ಚಪ್ಪರ ಬಂದಿರುವುದು ಸಾಮಾನ್ಯ ನೋಟವಾಗಿದೆ. ಇದನ್ನು ಜೀರ್ಣೋದ್ಧಾರವೆಂದು ಕರೆಯುವವರ ಶ್ರದ್ಧೆಯನ್ನು ಶಂಕಿಸಬೇಕಿಲ್ಲ. ಆದರೆ ತರಗೆಲೆ, ಹುತ್ತ, ಬೇರಿನ ಸಂದುಗಳಿಲ್ಲದ ಕಟ್ಟೆಯಲ್ಲಿ ಕಲ್ಲಿನ ನಾಗನಿಗಷ್ಟೇ ಸ್ಥಳ, ಜೀವಂತ ನಾಗನಿಗೆ ಇಲ್ಲ.

ಜೀವಂತ ಹಾವಿನ ಬಗ್ಗೆ ಇರುವ ತಿಳಿವಳಿಕೆಯೂ ಇಷ್ಟೇ ಕಲಬೆರಕೆಯಾದುದು. ಹಾವಿನ ದ್ವೇಷ ಹನ್ನೆರಡು ವರ್ಷ ಎಂಬ ಗಾದೆ ಎಷ್ಟೇ ಹಳೆಯದಾದರೂ, ನಿರ್ದಿಷ್ಟ ಮನುಷ್ಯನ ಮುಖವನ್ನು ನೆನಪಿಟ್ಟು ಸೇಡಿಗೆ ಕಾಯುವಂಥ ಮಿದುಳಿನ ರಚನೆ ಹಾವಿಗಿಲ್ಲ. ಹೆಣೆದುಕೊಂಡು ಎದ್ದು ನಿಂತ ಜೋಡಿಯನ್ನು ಕಂಡು ಕೇರೆಯೂ ನಾಗರವೂ ಕೂಡುತ್ತಿವೆ ಎನ್ನುವುದುಂಟು. ಬಹುತೇಕ ಸಂದರ್ಭಗಳಲ್ಲಿ ಅವು ಹೆಣ್ಣಿಗಾಗಿ ಬಲಪರೀಕ್ಷೆ ನಡೆಸುತ್ತಿರುವ ಎರಡು ಗಂಡು ಕೇರೆಗಳು. ಹಾವಿಗೆ ಹೊರಗಿವಿ ಇಲ್ಲದಿದ್ದರೂ ಒಳಗಿವಿ ಇದೆ, ನೆಲದ ಕಂಪನವನ್ನು ದವಡೆಯ ಎಲುಬಿನ ಮೂಲಕವೂ ಗಾಳಿಯಲ್ಲಿ ಬರುವ ಕೆಳಸ್ಥಾಯಿಯ ಸದ್ದನ್ನು ಒಂದಿಷ್ಟು ಮಟ್ಟಿಗೂ ಅದು ಗ್ರಹಿಸುತ್ತದೆ. ಆದ್ದರಿಂದ ಅದಕ್ಕೆ ಏನೂ ಕೇಳಿಸದೆಂಬ, ವಿಜ್ಞಾನದ ಹೆಸರಿನಲ್ಲೇ ಹರಡಿದ ಮಾತೂ ಪೂರ್ತಿ ಸರಿಯಲ್ಲ. ಇನ್ನು ಹಾಲು: ಹಾಲನ್ನು ಜೀರ್ಣಿಸಿಕೊಳ್ಳುವ ವ್ಯವಸ್ಥೆ ಹಾವಿನ ದೇಹದಲ್ಲಿಲ್ಲ, ಬಾಯಾರಿ ಬಳಲಿದ್ದರೆ ಮಾತ್ರ ಎದುರಿಗಿಟ್ಟ ದ್ರವವನ್ನು ಹೀರೀತು. ಹೀಗೆ ಹೇಳಿ ನಾಗರಪಂಚಮಿಯನ್ನು ಟೀಕಿಸುವವರು, ಕರಾವಳಿಯ ಬನಗಳಲ್ಲಿ ಹಾಲೆರೆಯುವುದು ಕಲ್ಲಿಗೇ ಹೊರತು ಹಾವಿಗಲ್ಲ ಎಂಬುದನ್ನು ಗಮನಿಸಿರುವುದಿಲ್ಲ; ಹಿಡಿದು ತಂದ ಹಾವಿಗೆ ಬಲವಂತವಾಗಿ ಹಾಲು ಕುಡಿಸುವ ಮತ್ತು ಹುತ್ತದೊಳಗೆ ಹಾಲು ಸುರಿಯುವ ಪದ್ಧತಿಗಳಿಗೆ ಮಾತ್ರ ಆ ಟೀಕೆ ನ್ಯಾಯವಾಗಿ ಸಲ್ಲುತ್ತದೆ.

ಅರ್ಧ ತಿಳಿದ ವಿಜ್ಞಾನ ಎಷ್ಟು ಬೇಗ ಅಭಿಪ್ರಾಯವಾಗಿ ಗಟ್ಟಿಯಾಗುತ್ತದೆ ಎಂಬುದಕ್ಕೆ ಇಲಿಜ್ವರವೂ ನಿದರ್ಶನ. ಇಲಿ ಮೊದಲಾದ ಪ್ರಾಣಿಗಳ ಮೂತ್ರದಿಂದ ನೀರು, ಕೆಸರುಗಳಿಗೆ ಸೇರಿ ಕಾಲಿನ ಗಾಯದ ಮೂಲಕ ದೇಹ ಹೊಗುವ ಬ್ಯಾಕ್ಟೀರಿಯಾದಿಂದ ಬರುವ ಈ ಜ್ವರ ಉಡುಪಿ ಜಿಲ್ಲೆಯ ಮಳೆಗಾಲದ ಪರಿಚಿತ ಕಾಯಿಲೆ. ನಾಗರಹಾವು, ಕೇರೆಗಳು ಇಲಿಯನ್ನು ತಿನ್ನುವುದು ನಿಜ, ಬನಗಳು ಅವುಗಳಿಗೆ ಆಶ್ರಯವಾಗಿರುವುದೂ ನಿಜ. ಆದರೆ ಬನ ಕಡಿದದ್ದರಿಂದಲೇ ಇಲಿಜ್ವರ ಹೆಚ್ಚಿತು ಎನ್ನಬೇಕಾದರೆ ಹಾವು, ಇಲಿ, ರೋಗಿಗಳ ಲೆಕ್ಕವನ್ನು ವರ್ಷಗಟ್ಟಲೆ ಜೊತೆಯಾಗಿ ಇಟ್ಟಿರಬೇಕು. ಮಳೆಯ ಪ್ರಮಾಣ, ಗದ್ದೆ ಕೆಲಸ, ಕಸದ ವಿಲೇವಾರಿ, ರಕ್ತಪರೀಕ್ಷೆ ಸುಲಭವಾದದ್ದು, ಇವೆಲ್ಲವೂ ಆ ಸಂಖ್ಯೆಯನ್ನು ಏರಿಳಿಸುತ್ತವೆ. ಬನದ ಪರವಾಗಿ ವಾದಿಸುವವರಿಗೆ ಅನುಕೂಲವಾಗಿದೆ ಎಂಬ ಕಾರಣಕ್ಕೆ ಸಾಬೀತಾಗದ ಮಾತನ್ನು ಸತ್ಯವೆನ್ನಲಾಗದು.

ಉಡುಪಿ ಜಿಲ್ಲೆಯ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಈ ವಿಷಯದಲ್ಲಿ ಕನ್ನಡಿಗರಿಗೆ ಬಿಟ್ಟುಹೋದ ಮಾದರಿ ದೊಡ್ಡದು. 1936ರಲ್ಲಿ ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನೂ, ಮುಂದೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಒಬ್ಬರೇ ಬರೆದ ಅವರು ದೇವರಲ್ಲಿ ತಮಗೆ ನಂಬಿಕೆಯಿಲ್ಲವೆಂಬುದನ್ನು ಮುಚ್ಚಿಡಲಿಲ್ಲ; ಆದರೂ ಭಕ್ತಿಯ ನೆಲದಲ್ಲಿ ಬೆಳೆದ ಯಕ್ಷಗಾನದ ಅಧ್ಯಯನಕ್ಕೆ ದಶಕಗಳನ್ನು ಕೊಟ್ಟರು. ನಂಬದವರಿಗೂ ನಂಬಿಕೆಯ ಲೋಕವನ್ನು ಹತ್ತಿರದಿಂದ ನೋಡಿ ತಿಳಿಯುವ ಹೊಣೆಯಿದೆ ಎಂಬ ಈ ನಿಲುವು, ಹೊರಗಿನಿಂದಲೇ ತೀರ್ಪು ಕೊಡುವ ಅಭ್ಯಾಸಕ್ಕಿಂತ ಬಹಳ ಶ್ರಮದ್ದು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಪರೀಕ್ಷೆಗೆ ಒಡ್ಡಬಹುದಾದ ಮೂಢನಂಬಿಕೆಗಳನ್ನೂ ಶೋಧಿಸಲು ಸಮಿತಿ ರಚಿಸಿದಾಗ ಅದರ ಹೆಸರಿನಲ್ಲೇ ಪರೀಕ್ಷೆಗೆ ಒಡ್ಡಬಹುದಾದ ಎಂಬ ಮಿತಿಯನ್ನು ಇಟ್ಟದ್ದೂ ಅಷ್ಟೇ ಗಮನಾರ್ಹ. ಬನದೆದುರು ಕೈಮುಗಿದು ನಿಂತವರ ನೆಮ್ಮದಿ ಪರೀಕ್ಷೆಯ ವಸ್ತುವಲ್ಲ. ಚರ್ಮದ ರೋಗ ನಾಗನ ಕೋಪದಿಂದ ಬಂತು ಎಂಬ ಮಾತು ಪರೀಕ್ಷೆಗೆ ಸಿಗುವ ಮಾತು, ಆದ್ದರಿಂದ ಪರೀಕ್ಷಿಸಲೇಬೇಕಾದ ಮಾತು.

ನಾಗದೋಷದ ಕಲ್ಪನೆ ಸಮಾಜಕ್ಕೆ ಕೊಡುವ ಪೆಟ್ಟು ಇಲ್ಲಿಂದಲೇ ಮೊದಲಾಗುತ್ತದೆ. ಮಕ್ಕಳಾಗದಿರುವುದು, ತೊನ್ನು, ಮದುವೆ ಕೂಡಿಬಾರದಿರುವುದು, ಇವುಗಳಿಗೆಲ್ಲ ನಾಗದೋಷವನ್ನು ಕಾರಣವಾಗಿಸಿ ಆಶ್ಲೇಷಾ ಬಲಿ, ಸರ್ಪಸಂಸ್ಕಾರ, ಕೆಲವೊಮ್ಮೆ ನಾಗಮಂಡಲವನ್ನೇ ಪರಿಹಾರವಾಗಿ ಸೂಚಿಸಲಾಗುತ್ತದೆ. ಐದು ಬಣ್ಣಗಳ ಹುಡಿಯಲ್ಲಿ ನೆಲದ ಮೇಲೆ ಬರೆದ ಹೆಣೆದ ಸರ್ಪಗಳ ಮಂಡಲದ ಸುತ್ತ ನಾಗನ ಆವೇಶ ಹೊಂದುವ ನಾಗಪಾತ್ರಿ ಮತ್ತು ವೈದ್ಯರೆಂದೇ ಕರೆಯಲಾಗುವ ಢಕ್ಕೆ ಹಿಡಿದ ಕಲಾವಿದರು ರಾತ್ರಿಯಿಡೀ ಕುಣಿಯುವ ನಾಗಮಂಡಲ, ಕಲೆಯ ದೃಷ್ಟಿಯಿಂದ ತುಳುನಾಡಿನ ಅತಿ ಸುಂದರ ಆರಾಧನೆಗಳಲ್ಲೊಂದು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಊರಿಗೆ ಊರೇ ಉಣ್ಣುವ ಈ ಸೇವೆಗೆ ಸಾಲ ಮಾಡುವ ಕುಟುಂಬಕ್ಕೂ, ದೋಷ ಹೊತ್ತವಳೆನಿಸಿಕೊಂಡು ವರ್ಷಗಟ್ಟಲೆ ತಲೆತಗ್ಗಿಸುವ ಹೆಣ್ಣಿಗೂ ಆ ಸೌಂದರ್ಯ ಸಮಾಧಾನವಾಗಲಾರದು. ಬಂಜೆತನದಲ್ಲಿ ಗಂಡಿನ ಕಡೆಯ ಕಾರಣಗಳ ಪಾಲು ಸಣ್ಣದಲ್ಲ ಎಂಬುದನ್ನು ವೈದ್ಯಶಾಸ್ತ್ರ ಬಹಳ ಹಿಂದೆಯೇ ತಿಳಿಸಿದೆ. ತೊನ್ನು ಎಂಬುದು ದೇಹದ ರಕ್ಷಣಾ ವ್ಯವಸ್ಥೆಯೇ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳನ್ನು ನಾಶಮಾಡುವುದರಿಂದ ಬರುವ, ಅಂಟಿಕೊಳ್ಳದ ಸ್ಥಿತಿ.

ಧರ್ಮ ತನ್ನನ್ನು ತಾನೇ ತಿದ್ದಿಕೊಳ್ಳಲಾರದು ಎಂಬ ಅಭಿಪ್ರಾಯಕ್ಕೂ ಉಡುಪಿಯಲ್ಲಿ ಉತ್ತರವಿದೆ. ಬ್ರಾಹ್ಮಣರು ಉಂಡೆದ್ದ ಎಲೆಗಳ ಮೇಲೆ ಹರಕೆ ಹೊತ್ತವರು ಉರುಳುವ ಮಡೆಸ್ನಾನವನ್ನೂ, ಅದರ ಬದಲಿಗೆ ಬಂದ, ದೇವರ ನೈವೇದ್ಯವಿಟ್ಟ ಎಲೆಗಳ ಮೇಲೆ ಉರುಳುವ ಎಡೆಸ್ನಾನವನ್ನೂ ಉಡುಪಿಯ ಶ್ರೀಕೃಷ್ಣ ಮಠವು 2018ರ ಷಷ್ಠಿಯ ಸಂದರ್ಭದಲ್ಲಿ, ಪಲಿಮಾರು ಮಠದ ಪರ್ಯಾಯದ, ಅಂದರೆ ಪೂಜೆಯ ಸರದಿಯ, ಕಾಲದಲ್ಲಿ, ಕೈಬಿಟ್ಟಿತು. ಸುಬ್ರಹ್ಮಣ್ಯನಿಗೂ ನಾಗನಿಗೂ ನಂಟು ಬೆಸೆದಿರುವ ಈ ನಾಡಿನಲ್ಲಿ ಷಷ್ಠಿಯ ಆರಾಧನೆ ಅದರಿಂದ ಕುಂದಲಿಲ್ಲ.

ಕರ್ನಾಟಕದಲ್ಲಿ 2017ರಲ್ಲಿ ರೂಪುಗೊಂಡು 2020ರ ಜನವರಿಯಲ್ಲಿ ಜಾರಿಗೆ ಬಂದ, ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಕಾಯ್ದೆ ನಂಬಿಕೆಗೂ ಹಾನಿಗೂ ನಡುವಿನ ಗೆರೆಯನ್ನು ಕಾನೂನಿನ ಭಾಷೆಯಲ್ಲಿ ಎಳೆಯುತ್ತದೆ. ಪೂಜೆ, ಪ್ರದಕ್ಷಿಣೆ, ಹರಿಕಥೆ, ಭಜನೆಗಳನ್ನು ಅದು ಮುಟ್ಟುವುದಿಲ್ಲ. ಆದರೆ ಹಾವು, ಚೇಳು, ನಾಯಿ ಕಚ್ಚಿದವರಿಗೆ ವೈದ್ಯಕೀಯ ಚಿಕಿತ್ಸೆ ಸಿಗದಂತೆ ತಡೆದು ಮಂತ್ರತಂತ್ರದಲ್ಲೇ ಉಳಿಸಿಕೊಳ್ಳುವುದನ್ನು ಅಪರಾಧವೆಂದು ಪರಿಗಣಿಸುತ್ತದೆ. ಈ ಕಟ್ಟಳೆ ಎಷ್ಟು ಅಗತ್ಯ ಎಂಬುದನ್ನು ಅರಿಯಲು, 2000ದಿಂದ 2019ರವರೆಗಿನ ಅವಧಿಯಲ್ಲಿ ಭಾರತದಲ್ಲಿ ಹಾವಿನ ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನ ಸತ್ತಿರಬಹುದೆಂಬ, 2020ರಲ್ಲಿ ಪ್ರಕಟವಾದ ಅಂದಾಜನ್ನು ನೋಡಿದರೆ ಸಾಕು.

ಇಷ್ಟು ಸಾವುಗಳ ನಡುವೆಯೂ ಮಂತ್ರದಿಂದ ವಿಷ ಇಳಿದದ್ದನ್ನು ಕಣ್ಣಾರೆ ಕಂಡಿದ್ದೇವೆ ಎನ್ನುವವರು ಎಲ್ಲ ಊರುಗಳಲ್ಲೂ ಇದ್ದಾರೆ, ಮತ್ತು ಅವರು ಸುಳ್ಳು ಹೇಳುತ್ತಿಲ್ಲ. ಭಾರತದ ಸುಮಾರು 300 ಜಾತಿಯ ಹಾವುಗಳಲ್ಲಿ ವಿಷವುಳ್ಳವು ಐದನೆಯ ಒಂದು ಪಾಲಿನಷ್ಟು. ವಿಷದ ಹಾವು ಕಚ್ಚಿದಾಗಲೂ ಅನೇಕ ಸಲ ಅದು ವಿಷವನ್ನು ಬಿಡುವುದೇ ಇಲ್ಲ, ಇಂಥ ಕಡಿತವನ್ನು ವೈದ್ಯರು ಒಣ ಕಡಿತವೆನ್ನುತ್ತಾರೆ. ಹೀಗಾಗಿ ಮಂತ್ರ ಹಾಕುವವರ ಬಳಿಗೆ ಬಂದವರಲ್ಲಿ ಹೆಚ್ಚಿನವರು ಏನೂ ಮಾಡದಿದ್ದರೂ ಬದುಕುವವರೇ ಆಗಿರುತ್ತಾರೆ. ಬದುಕಿದವರ ಕಥೆ ಊರಿನಲ್ಲಿ ಉಳಿಯುತ್ತದೆ, ಸತ್ತವರದು ವಿಧಿಯ ಲೆಕ್ಕಕ್ಕೆ ಸೇರುತ್ತದೆ. ಅನುಭವ ಎಷ್ಟೇ ಪ್ರಾಮಾಣಿಕವಾಗಿದ್ದರೂ ಹೋಲಿಕೆಯಿಲ್ಲದೆ ಅದು ಸಾಕ್ಷ್ಯವಾಗುವುದಿಲ್ಲ ಎಂಬ ತತ್ವವನ್ನು ಇದಕ್ಕಿಂತ ಕಠೋರವಾಗಿ ಕಲಿಸುವ ಉದಾಹರಣೆ ಸಿಗುವುದು ಕಷ್ಟ.

ಸರ್ಪಸುತ್ತಿನ ಕಥೆಯೂ ಇದೇ ಜಾಡಿನದು. ಸೊಂಟದ ಅಥವಾ ಎದೆಯ ಒಂದು ಮಗ್ಗುಲಿನಲ್ಲಿ ಪಟ್ಟಿಯಂತೆ ಏಳುವ ಉರಿಗುಳ್ಳೆಗಳಿಗೆ ಹಾವಿನ ಸಂಬಂಧವೇನೂ ಇಲ್ಲ. ಸಿಡುಬು ಎಂದು ಹಲವರು ತಪ್ಪಾಗಿ ಕರೆಯುವ ಚಿಕನ್ ಪಾಕ್ಸನ್ನು ಬಾಲ್ಯದಲ್ಲಿ ತಂದ ವೈರಸ್ಸು ನರದ ಬುಡದಲ್ಲಿ ಅಡಗಿದ್ದು, ವಯಸ್ಸು ಅಥವಾ ನಿಶ್ಶಕ್ತಿಯ ಕಾಲದಲ್ಲಿ ಮತ್ತೆ ಎಚ್ಚೆತ್ತು ಆ ನರದ ಜಾಡಿನಲ್ಲೇ ಚರ್ಮಕ್ಕೆ ಬರುತ್ತದೆ. ನರಗಳು ದೇಹದ ಎಡಬಲಗಳಿಗೆ ಬೇರೆಬೇರೆಯಾದ್ದರಿಂದ ಗುಳ್ಳೆಗಳು ಸಾಮಾನ್ಯವಾಗಿ ನಡುಗೆರೆಯನ್ನು ದಾಟುವುದಿಲ್ಲ, ಹಾಗಾಗಿ ತಲೆ ಬಾಲ ಕೂಡಿದರೆ ಪ್ರಾಣ ಹೋಗುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಎರಡರಿಂದ ನಾಲ್ಕು ವಾರಗಳಲ್ಲಿ ಗುಳ್ಳೆ ತಾನಾಗಿಯೇ ಒಣಗುವುದರಿಂದ ಕೆಮ್ಮಣ್ಣು ಬಳಿದವರಿಗೂ ಮಂತ್ರಿಸಿದವರಿಗೂ ಕೀರ್ತಿ ಬರುತ್ತದೆ. ಆದರೆ ವೈರಸ್ಸನ್ನು ಹತ್ತಿಕ್ಕುವ ಮಾತ್ರೆ ಹೆಚ್ಚು ಫಲ ಕೊಡುವುದು ಗುಳ್ಳೆ ಕಂಡ 72 ಗಂಟೆಗಳೊಳಗೆ; ಆ ಸಮಯ ಕಳೆದುಹೋದರೆ ವಯಸ್ಸಾದವರಲ್ಲಿ ತಿಂಗಳುಗಟ್ಟಲೆ ನರದ ನೋವು ಉಳಿಯುವ, ಮುಖದ ಮೇಲೆ ಎದ್ದಿದ್ದರೆ ಕಣ್ಣಿಗೇ ಹಾನಿಯಾಗುವ ಸಂಭವವಿದೆ.

ಹಾವಿನ ವಿಷಕ್ಕೆ ಖಚಿತ ಔಷಧವೆಂದರೆ ಪ್ರತಿವಿಷವೊಂದೇ. ಅಲ್ಪ ಪ್ರಮಾಣದ ವಿಷವನ್ನು ಕುದುರೆಗೆ ಹಂತಹಂತವಾಗಿ ಚುಚ್ಚಿ, ಅದರ ರಕ್ತದಲ್ಲಿ ಬೆಳೆದ ಪ್ರತಿಕಾಯಗಳನ್ನು, ಅಂದರೆ ವಿಷವನ್ನು ಹಿಡಿದು ನಿಷ್ಕ್ರಿಯಗೊಳಿಸುವ ಪ್ರೋಟೀನುಗಳನ್ನು ಬೇರ್ಪಡಿಸಿ ಇದನ್ನು ತಯಾರಿಸುತ್ತಾರೆ. 1890ರ ದಶಕದಲ್ಲಿ ಮೊದಲಾದ ಈ ವಿಧಾನದ ಮೂಲತತ್ವ ಇಂದಿಗೂ ಬದಲಾಗಿಲ್ಲ. ಭಾರತದಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕರ ವಿಷಕ್ಕೆ ಸಿದ್ಧಪಡಿಸಿದ್ದು. ಮಂಡಲದ ಹಾವುಗಳ ವಿಷ ರಕ್ತ ಹೆಪ್ಪುಗಟ್ಟುವುದನ್ನು ಕೆಡಿಸುವುದರಿಂದ, ರೋಗಿಯ ಸ್ವಲ್ಪ ರಕ್ತವನ್ನು ಒಣಗಿದ ಸ್ವಚ್ಛ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು ಹೆಪ್ಪುಗಟ್ಟಿತೇ ಎಂದು ನೋಡುವ ಪರೀಕ್ಷೆ ಅತಿ ಚಿಕ್ಕ ಆಸ್ಪತ್ರೆಯಲ್ಲೂ ಸಾಧ್ಯ. ಕಟ್ಟುಹಾವಿನ ಕಡಿತದಲ್ಲಿ ನೋವೇ ಇರದಿರಬಹುದು, ನಿದ್ದೆಯಲ್ಲಿದ್ದವರಿಗೆ ಕಚ್ಚಿದ್ದೇ ತಿಳಿಯದೆ ಬೆಳಗಿನ ಹೊತ್ತಿಗೆ ರೆಪ್ಪೆ ಜೋತು ಬಿದ್ದು ಉಸಿರಾಟ ಕಷ್ಟವಾಗಬಹುದು. ಇಂಥಲ್ಲಿ ಪ್ರತಿವಿಷದ ಜೊತೆಗೆ ಕೃತಕ ಉಸಿರಾಟದ ಯಂತ್ರವಿರುವ ಆಸ್ಪತ್ರೆ ಹತ್ತಿರವಿರುವುದೇ ಜೀವ ಉಳಿಸುತ್ತದೆ. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಯಿಂದ ಹೀರುವುದು, ಇವೆಲ್ಲ ಹಾನಿಯನ್ನು ಹೆಚ್ಚಿಸುವುದರಿಂದ, ಕಚ್ಚಿಸಿಕೊಂಡ ಕೈಕಾಲನ್ನು ಅಲುಗಿಸದೆ ನೇರವಾಗಿ ಆಸ್ಪತ್ರೆಗೆ ಒಯ್ಯುವುದೊಂದೇ ಸರಿಯಾದ ದಾರಿ.

ಆದರೆ ತಂತ್ರಜ್ಞಾನ ಎಲ್ಲವನ್ನೂ ಗೆದ್ದಿದೆ ಎಂಬ ಅಭಿಪ್ರಾಯವೂ ಇಲ್ಲಿ ನಿಲ್ಲುವುದಿಲ್ಲ. ಕರಾವಳಿ ಮತ್ತು ಘಟ್ಟದ ತಪ್ಪಲಿನ ತೋಟಗಳಲ್ಲಿ ತರಗೆಲೆಯ ಬಣ್ಣದಲ್ಲಿ ಬೆರೆತು ಮಲಗುವ, ಮೂತಿಯ ತುದಿ ಉಬ್ಬಿದ ಒಂದು ಸಣ್ಣ ಗುಳಿಮಂಡಲದ ಕಡಿತಕ್ಕೆ ದೇಶದ ಪ್ರತಿವಿಷ ಕೆಲಸ ಮಾಡುವುದಿಲ್ಲ, ಅದರ ವಿಷ ರಕ್ತವನ್ನೂ ಮೂತ್ರಪಿಂಡವನ್ನೂ ಕೆಡಿಸಬಲ್ಲದು. ಪ್ರತಿವಿಷದ ತಯಾರಿಗೆ ಬೇಕಾದ ವಿಷದ ದೊಡ್ಡ ಪಾಲು ಬಹುಕಾಲದಿಂದ ಬರುತ್ತಿರುವುದು ಚೆನ್ನೈ ಬಳಿ 1978ರಲ್ಲಿ ಹುಟ್ಟಿದ, ಹಾವು ಹಿಡಿಯುವ ಇರುಳ ಬುಡಕಟ್ಟಿನವರ ಸಹಕಾರ ಸಂಘದಿಂದ. ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿರುವುದರಿಂದ, ತಮಿಳುನಾಡಿನ ಹಾವಿಗೆ ತಯಾರಾದ ಔಷಧ ಎಲ್ಲೆಡೆಯೂ ಒಂದೇ ಸಮನೆ ಫಲ ಕೊಡುತ್ತದೆ ಎನ್ನಲಾಗದು. ಹಾವುಗಳ ಬಗ್ಗೆ ತಿಳಿಯಬೇಕಾದದ್ದು ಇನ್ನೂ ಎಷ್ಟು ಉಳಿದಿದೆ ಎಂದರೆ, ಆಗುಂಬೆಯ ಕಾಡುಗಳಲ್ಲಿ ಹರಿದಾಡುವ ಪಶ್ಚಿಮ ಘಟ್ಟದ ಕಾಳಿಂಗ ಸರ್ಪವು ಬೇರೆಯೇ ಒಂದು ಪ್ರಭೇದ ಎಂಬುದು ಖಚಿತವಾಗಿ, ಕನ್ನಡದ ಕಾಳಿಂಗ ಎಂಬ ಹೆಸರನ್ನೇ ಅದಕ್ಕೆ ಕೊಟ್ಟದ್ದು 2024ರಲ್ಲಿ.

ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಹಾವಿನ ಕಡಿತವನ್ನು ಕಡೆಗಣಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿತು, 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಅದನ್ನು ಅಧಿಸೂಚಿತ ಕಾಯಿಲೆಯೆಂದು ಘೋಷಿಸಿತು. ಅಂದರೆ ಸರ್ಕಾರಿ ಆಸ್ಪತ್ರೆಯಾಗಲಿ ಖಾಸಗಿ ಆಸ್ಪತ್ರೆಯಾಗಲಿ ಪ್ರತಿ ಕಡಿತವನ್ನೂ ಪ್ರತಿ ಸಾವನ್ನೂ ವರದಿ ಮಾಡಲೇಬೇಕು. ಪರ್ಕಳದ ಗದ್ದೆಯಂಚಿನಲ್ಲಿ ಅಥವಾ ಕಾಪುವಿನ ತೋಟದಲ್ಲಿ ಕಚ್ಚಿಸಿಕೊಂಡವರು ನಾಟಿ ಔಷಧಿಯಲ್ಲೇ ಉಳಿದುಬಿಟ್ಟರೆ ಆ ಕಡಿತ ಈ ಲೆಕ್ಕದಿಂದ ಹೊರಗುಳಿಯುತ್ತದೆ; ಆಸ್ಪತ್ರೆಗೆ ಬಂದರೆ, ದೂರದಿಂದ ಫೋನಿನಲ್ಲಿ ತೆಗೆದ ಹಾವಿನ ಚಿತ್ರವೂ ಜೊತೆಗಿದ್ದರೆ, ಯಾವ ಹಾವು ಎಲ್ಲಿ, ಯಾವ ತಿಂಗಳಲ್ಲಿ ಹೆಚ್ಚು ಕಚ್ಚುತ್ತದೆ ಎಂಬುದು ದಾಖಲೆಗೆ ಬರುತ್ತದೆ. ಗುಳಿಮಂಡಲದ ವಿಷಕ್ಕೂ ಈ ಸೀಮೆಯ ಹಾವುಗಳಿಗೂ ಹೊಂದುವ ಪ್ರತಿವಿಷ ಬೇಕೆಂದು ಕೇಳಲು, ಅದನ್ನು ಯಾವ ತಾಲೂಕಿನ ಯಾವ ಆರೋಗ್ಯ ಕೇಂದ್ರದಲ್ಲಿ ಎಷ್ಟು ಇಡಬೇಕೆಂದು ನಿರ್ಧರಿಸಲು ಆ ದಾಖಲೆಯೇ ಬೇಕು.